ಎಷ್ಟು ಕಪ್ಪಾದರೆ ಕಪ್ಪು

ಅಪ್ಪನ ಕೋಟಿನ ಒಳಜೇಬಿನಲ್ಲಿ ಒಂದು ರಟ್ಟಿನ ಚೀಟಿ.
ಅದರ ಮೇಲೆ ಆರು ಚೌಕ: ಸೊನ್ನೆಯದು ಬರೀ ಬಿಳಿ,
ಐದನೆಯದು ಕಾಡಿಗೆ,
ನಡುವಿನ ನಾಲ್ಕಕ್ಕೂ ಗೀಟಿನ ಜಾಲ, ಒಂದಕ್ಕಿಂತ ಒಂದು ದಟ್ಟ.
ತೋಳು ಚಾಚಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿ
ಚಿಮಣಿಗೂ ಚೌಕಕ್ಕೂ ಜಾತಕ ಕೂಡಿಸುತ್ತಿದ್ದ.
ಓಲ್ಡ್‌ಹ್ಯಾಮ್ ಪಟ್ಟಣಸಭೆಯ ಹೊಗೆ ಇನ್‌ಸ್ಪೆಕ್ಟರು, ಏಬಲ್ ಕ್ಲೆಗ್.
ಬೀದಿಯ ಹುಡುಗರಿಗೆ ಮಾತ್ರ ‘ಮುಗಿಲೆಣಿಕೆಯವ’.

ಸಾವಿರದ ಒಂಬೈನೂರ ಮೂರು, ನವೆಂಬರ್. ನನಗೆ ಏಳು.
ಲಿಂಡೆನ್ ಗಿರಣಿ ಮುಕ್ಕಾಲು ಗಂಟೆ ಎಡೆಬಿಡದೆ ಉಗುಳಿತ್ತು,
ಅಪ್ಪ ನಿಮಿಷ ನಿಮಿಷ ಬರೆದಿಟ್ಟಿದ್ದ.
ಕೋರ್ಟಿನಲ್ಲಿ ಗಿರಣಿಯ ವಕೀಲ ಎದ್ದು, ಕೈಗವಸು ಬಿಚ್ಚಿ,
ಮೆತ್ತಗೆ ಕೇಳಿದ:
“ಕಾಯಿದೆಯಲ್ಲಿರುವ ಮಾತು ‘ಕಪ್ಪು ಹೊಗೆ’.
ಅಂದಿನದು ಕಪ್ಪೋ, ಕಡುಗಂದೋ, ಕ್ಲೆಗ್ ಅವರೇ?
ಪ್ರಮಾಣ ಮಾಡಿದ್ದೀರಿ, ನೆನಪಿರಲಿ.”
ಅಪ್ಪ ಸುಳ್ಳು ಕಲಿತವನಲ್ಲ.
“ಅಂಚಿನಲ್ಲಿ ಸ್ವಲ್ಪ ಕಂದು ಇತ್ತು” ಅಂದ.
ಆ ಅಂಚಿನಿಂದಲೇ ಇಡೀ ಗಿರಣಿ ನುಸುಳಿಕೊಂಡು ಹೋಯಿತು.

ಅಮ್ಮ ಸೋಮವಾರದ ಹಾಸುಬಟ್ಟೆ ಮಡಚಿ ತಂದಿದ್ದಳು,
ಎಳ್ಳು ಚೆಲ್ಲಿದ ಹಾಗೆ ಮಸಿ.
ಬಟ್ಟೆಗೆ ಪ್ರಮಾಣ ಮಾಡಿಸಲು ಬರುವುದಿಲ್ಲ ಎಂದರು ನ್ಯಾಯಾಧೀಶರು.
ಗೆದ್ದ ದಿನವೂ ಅಷ್ಟೇ, ಎರಡು ಪೌಂಡ್ ದಂಡ:
ಕಪ್ಪಿಗೆ ಕೊಟ್ಟ ಕಪ್ಪ.
ಕೊಟ್ಟು, ಮರುದಿನ ನಸುಕಿಗೇ ಮತ್ತೆ ಕುಲುಮೆ ತುಂಬುತ್ತಿದ್ದರು.

ಬೇಸಿಗೆಯ ರಜೆವಾರ ಗಿರಣಿಗಳೆಲ್ಲ ಬಾಗಿಲೆಳೆದು
ಊರೇ ಕಡಲಿಗೆ ಹೋದಾಗ ನಾವು ಹೋಗುತ್ತಿರಲಿಲ್ಲ.
ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಬೀದಿಯ ಕೊನೆಗೆ ಒಯ್ಯುತ್ತಿದ್ದ:
“ನೋಡು ವಿನೀ, ಬೆಟ್ಟ.”
ನಮ್ಮೂರಿಗೆ ವರ್ಷಕ್ಕೆ ಏಳೇ ದಿನ ಬೆಟ್ಟವಿತ್ತು.
ಎಂಟನೆಯ ದಿನ ಒಳಗೆತ್ತಿ ಇಡುತ್ತಿದ್ದರು.

ಇಪ್ಪತ್ತಾರರಲ್ಲಿ ಸಂಸತ್ತು ಆ ಪದದ ಗಂಟು ಸಡಿಲಿಸಿತು,
ಕಪ್ಪೇ ಆಗಬೇಕೆಂದಿಲ್ಲ ಎಂದಿತು.
ಅಪ್ಪ ಹೋಗಿ ಆಗಲೇ ಎರಡು ವರ್ಷ.
ವಕೀಲರ ಬಳಿ ಬೇರೆ ಪದವಿತ್ತು: ‘ಕೈಲಾದಷ್ಟು ಮಾಡಿದ್ದೇವೆ, ಸ್ವಾಮಿ.’
ಆ ಕೈ ಎಷ್ಟುದ್ದ ಎಂದು
ಯಾರೂ ಅಳೆಯಲಿಲ್ಲ.

ಐವತ್ತೆರಡರ ಡಿಸೆಂಬರು. ಲಂಡನ್ನಿನಲ್ಲಿ ಐದು ದಿನ
ಬಸ್ಸಿನ ಮುಂದೆ ಕಂಡಕ್ಟರು ದೀಪ ಹಿಡಿದು ನಡೆದ.
ಸಾವಿರ ಸಾವಿರ ಜನ ಕೆಮ್ಮಿಯೇ ಸತ್ತರು.
ಉತ್ತರದ ನಾವು ಪೇಪರು ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ನಮ್ಮಲ್ಲಿ ಇದರ ಹೆಸರು ನವೆಂಬರ್.

ನಾಲ್ಕು ವರ್ಷಕ್ಕೆ ಹೊಸ ಕಾಯಿದೆ. ಇದರಲ್ಲಿ ‘ಕಡು ಹೊಗೆ’.
ಎಷ್ಟು ಕಡು?
ಅಪ್ಪನ ಚೀಟಿಯ ಎರಡನೆಯ ಚೌಕದಷ್ಟು.
ಅವನು ಸೋತದ್ದು ನಾಲ್ಕನೆಯದರಲ್ಲಿ.

ಆಮೇಲೆ ಒಂದು ದಿನ ನೋಟೀಸು ನನ್ನ ಬಾಗಿಲಿಗೇ ಬಂತು:
ಈ ಬೀದಿಯಲ್ಲಿ ಇನ್ನು ಕಲ್ಲಿದ್ದಲು ಉರಿಸುವಂತಿಲ್ಲ.
ತಂದವನು ಮೀಸೆ ಚಿಗುರದ ಹುಡುಗ, ಹೆಸರು ರಾಲ್ಫ್ ಎಂಟ್‌ವಿಸಲ್,
ನನ್ನ ಚಿಮಣಿಯತ್ತ ಒಂದು ಕಣ್ಣು ಕಿರಿದು ಮಾಡಿದ.
ನನಗೆ ಬೆಂಕಿಯಂಥ ಸಿಟ್ಟು.
ಐವತ್ತು ಚಳಿಗಾಲ ನನ್ನ ಮೊಣಕಾಲು ಕಾಯಿಸಿದ ಒಲೆ ಅದು!
ಹಳೆಯ ಕಾಯಿದೆ ಎಂದೂ ಮನೆಯೊಲೆಯತ್ತ ಕಣ್ಣೆತ್ತಿದ್ದಿಲ್ಲ;
ಹೊಗೆ ಎಂದರೆ ಗಿರಣಿ, ಒಲೆ ಎಂದರೆ ನಾವು.
ಅಮ್ಮನ ಬಟ್ಟೆಯ ಮೇಲಿನ ಎಳ್ಳಿನಲ್ಲಿ
ನಮ್ಮ ಚಿಮಣಿಯದೆಷ್ಟು?
ಯಾವ ವಕೀಲನಿಗೂ ಅದು ಹೊಳೆಯಲಿಲ್ಲ. ಅಪ್ಪನಿಗೆ ಹೊಳೆದಿತ್ತೇ,
ಕೇಳೋಣವೆಂದರೆ

ಈಗ ಗ್ಯಾಸಿನ ನೀಲಿ ಉರಿ. ಕಿಟಕಿಯಾಚೆ ಬೆಟ್ಟ,
ರಜೆಯೂ ಇಲ್ಲ ಹಬ್ಬವೂ ಇಲ್ಲ, ಸುಮ್ಮನೆ ಮಂಗಳವಾರ.
ಗಿರಣಿಗಳಲ್ಲೂ ಅರ್ಧ ಮುಚ್ಚಿವೆ.
ಬೆಟ್ಟದಲ್ಲಿ ಕಾಯಿದೆಯ ಪಾಲೆಷ್ಟು, ಬೀಗದ ಪಾಲೆಷ್ಟು,
ಬಿಡಿಸಿ ಹೇಳಲು ನನಗೆ ಬಾರದು.

ಡ್ರಾಯರಿನಿಂದ ಚೀಟಿ ತೆಗೆದೆ, ಅಂಗಳದಲ್ಲಿ ನಿಂತು ತೋಳು ಚಾಚಿದೆ.
ಆಕಾಶ: ಸೊನ್ನೆ.
ಮೂಗಿಗೆ ಮಾತ್ರ ಕಡ್ಡಿ ಗೀರಿದ ಘಾಟು, ಎಲ್ಲಿಂದಲೋ.
ಬಣ್ಣವಿಲ್ಲದ್ದಕ್ಕೆ ಚೌಕವಿಲ್ಲ.
ಚೀಟಿಯ ಬೆನ್ನು ಖಾಲಿ ಇತ್ತು. ಪೆನ್ಸಿಲು ನೆಕ್ಕಿ,
‘ಘಾಟು’ ಎಂದು ಬರೆದು
ತಾರೀಕು, ಗಂಟೆ, ನಿಮಿಷ ಹಾಕಿದೆ.